ಖೇಪಿಗೆ ಎರಡು ಸಾವಿರದ ಇನ್ನೂರು

2024ರ ಶೀಗಿ ಹುಣ್ಣಿಮೆಯ ಮುಂಜಾನೆ ತಿಕೋಟಾ ದಾಟಿ ಎರಡು ಕಿಲೋಮೀಟರ್ ಹೋಗುವಷ್ಟರಲ್ಲಿ ನನ್ನ ಕಾರು ನಿಂತಿತು. ಗೇರ್ ಬೀಳುತ್ತಿತ್ತು, ಗಾಡಿ ಸರಿಯುತ್ತಿರಲಿಲ್ಲ. ಕ್ಲಚ್ ಪ್ಲೇಟ್ ಸವೆದು ಹೋಗಿತ್ತು. ಹಿಂದಿನ ಸೀಟಿನಲ್ಲಿ ಹೊಲದಲ್ಲಿ ಚೆಲ್ಲಲು ಒಯ್ಯುತ್ತಿದ್ದ ಚರಗದ ಬುಟ್ಟಿ: ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಕಡಬು, ಪುಂಡಿಪಲ್ಯ. ಎರಿ ಹೊಲದಲ್ಲಿ ಹಿಂಗಾರಿ ಜೋಳ ಆಗಷ್ಟೇ ಮೊಳೆತಿತ್ತು, ತೊಗರಿ ಹೂವಿಗೆ ಬಂದಿತ್ತು. ಅವ್ವ ಇಳಿದು, "ತಮ್ಮಾ, ಹೊತ್ತ ಏರಾಕತ್ತೈತಿ. ಬುಟ್ಟಿ ಎತ್ತಿಕೊಡು, ನಾವು ನಡಕೋತ ಹೋಗತೀವಿ" ಅಂದಳು. ಅವಳ ಮೊಣಕಾಲು ನೋವಿಗೆಂದೇ ಆ ಕಾರು ಕೊಂಡಿದ್ದೆ.

ಕೊಂಡದ್ದು 2023ರ ದೀಪಾವಳಿ ಮುಗಿದ ವಾರ. ಬರದ ವರ್ಷ ಅದು, ಹಿಂಗಾರಿ ಜೋಳ ಕೈಗೆ ಹತ್ತುವ ಆಸೆಯೇ ಇರಲಿಲ್ಲ. ಅಂಥ ವರ್ಷದಲ್ಲಿ 2009ರ ಡೀಸೆಲ್ ಕಾರಿಗೆ 1,60,000 ಕೊಟ್ಟೆ. ಕೈಯಿಂದ 60,000, ಉಳಿದ ಒಂದು ಲಕ್ಷಕ್ಕೆ ಫೈನಾನ್ಸ್. ವಿಜಯಪುರದ ಗಾಂಧಿ ಚೌಕದ ಹತ್ತಿರದ ಮನೆಯಿಂದ ಹೊಲಕ್ಕೆ ಹೋಗಿ ಬರಲು 50 ಕಿಲೋಮೀಟರ್, ಡೀಸೆಲ್ ಮುನ್ನೂರು ರೂಪಾಯಿಯದು. ಅವತ್ತು ನಾನು ಹಾಕಿದ ಲೆಕ್ಕ ಇಷ್ಟೇ.

ಹಾಕಬೇಕಿದ್ದ ಲೆಕ್ಕ ಇಲ್ಲಿದೆ. ವರ್ಷಕ್ಕೆ 50 ಖೇಪು, 2,500 ಕಿಲೋಮೀಟರ್. ಡೀಸೆಲ್ 16,000. ವಿಮೆ 6,000. ಕ್ಲಚ್ 11,000, ಬ್ಯಾಟರಿ 5,000, ರೇಡಿಯೇಟರ್ 5,000. ಹದಿನೈದು ವರ್ಷ ತುಂಬಿದ್ದಕ್ಕೆ ಆರ್‌ಸಿ ನವೀಕರಣ 5,000; 2022ರ ಏಪ್ರಿಲ್‌ನಿಂದ ಈ ದರ ಜಾರಿಯಲ್ಲಿದೆ ಎಂಬುದನ್ನು ಕೊಳ್ಳುವ ಮುಂಚೆ ನಾನು ವಿಚಾರಿಸಿರಲಿಲ್ಲ. ಬಡ್ಡಿ 12,000. ಮರುವರ್ಷದ ದೀಪಾವಳಿ ಆದ ಮೇಲೆ ಕಾರು ಮಾರಿದಾಗ ಬಂದದ್ದು 1,10,000, ಅಂದರೆ ಬೆಲೆಯಲ್ಲೇ 50,000 ಕರಗಿತ್ತು. ಎಲ್ಲ ಕೂಡಿದರೆ 1,10,000. ಐವತ್ತರಿಂದ ಭಾಗಿಸಿ: ಖೇಪಿಗೆ 2,200, ಕಿಲೋಮೀಟರಿಗೆ 44 ರೂಪಾಯಿ. ಮುನ್ನೂರು ಅಂದುಕೊಂಡಿದ್ದೆನಲ್ಲ, ಅದರ ಏಳು ಪಟ್ಟಿಗೂ ಹೆಚ್ಚು.

ಆ ಸಾಲದ ಬಗ್ಗೆ ಸಿಟ್ಟು ಇನ್ನೂ ಆರಿಲ್ಲ. ಶೇ 12 ಫ್ಲ್ಯಾಟ್, ಮೂರು ವರ್ಷ, ತಿಂಗಳಿಗೆ 3,778. ಕೊನೆಯ ತಿಂಗಳು ಅಸಲಿನಲ್ಲಿ ನಾಲ್ಕು ಸಾವಿರವೂ ಬಾಕಿ ಇರುವುದಿಲ್ಲ, ಬಡ್ಡಿ ಮಾತ್ರ ಪೂರ್ತಿ ಒಂದು ಲಕ್ಷದ ಮೇಲೆ ಕಟ್ಟಬೇಕು! ರೆಡ್ಯೂಸಿಂಗ್ ಲೆಕ್ಕಕ್ಕೆ ತಿರುಗಿಸಿದರೆ ಶೇ 21 ದಾಟುತ್ತದೆ. ಫ್ಲ್ಯಾಟ್ ಅನ್ನುವ ಶಬ್ದ ಕಿವಿಗೆ ಬಿದ್ದ ಕೂಡಲೇ ಎದ್ದು ಬನ್ನಿ. ಹಳೇ ಗಾಡಿಗೆ ಇಂಥ ಸಾಲ ಮಾಡುವುದೆಂದರೆ ಸವೆಯುವ ವಸ್ತುವಿಗೆ ಬೆಳೆಯುವ ಖರ್ಚು ಕಟ್ಟಿಕೊಂಡಂತೆ.

ಬೇರೆ ದಾರಿ ಇರಲಿಲ್ಲವೇ? ಇತ್ತು. ತಿಕೋಟಾಕ್ಕೆ ಬಸ್ಸಿದೆ, 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಅವ್ವನಿಗೂ ಹೆಂಡತಿಗೂ ಟಿಕೆಟ್ ದುಡ್ಡಿಲ್ಲ. ಅಲ್ಲಿಂದ ಹೊಲಕ್ಕೆ ಐದು ಕಿಲೋಮೀಟರ್, ಅದೊಂದೇ ತೊಡಕು. ಬುಟ್ಟಿ, ಬೀಜ, ಗೊಬ್ಬರ ಇದ್ದ ದಿನ ಬಾಡಿಗೆ ಗಾಡಿ.

ನಮ್ಮ ಕಡೆ ಬಹಳ ಮನೆಗಳಲ್ಲಿ ಬಿತ್ತಿದ ಬೀಜದ, ಕೊಟ್ಟ ಕೂಲಿಯ ಲೆಕ್ಕ ಬರೆದಿಡುವವರು ಒಬ್ಬರಿರುತ್ತಾರೆ. ದ್ರಾಕ್ಷಿ ತೋಟದವರು ಅಕ್ಟೋಬರ್ ಚಾಟ್ನಿಯಿಂದ ಹಿಡಿದು ಒಂದೊಂದು ಔಷಧ ಸಿಂಪಡಣೆಯ ತಾರೀಖನ್ನೂ ಬರೆಯುತ್ತಾರೆ. ಅದೇ ಮನೆಗಳಲ್ಲಿ ಗಾಡಿಗೆ ವಹಿ ಇಲ್ಲ. ಗ್ಯಾರೇಜಿನ ಚೀಟಿ ಅಂಗಿಯ ಕಿಸೆಯಲ್ಲಿ ಒಗೆತಕ್ಕೆ ಹೋಗುತ್ತದೆ. ಇಪ್ಪತ್ತು ರೂಪಾಯಿಯ ನೋಟುಬುಕ್ಕು ಗಾಡಿಯಲ್ಲೇ ಇಡಿ, ಇಳಿಯುವ ಮುಂಚೆ ಬರೆಯಿರಿ. ನನ್ನ ಚೀಟಿಗಳನ್ನೆಲ್ಲ ಒಟ್ಟು ಮಾಡಿ ಕೂತದ್ದು ಕಾರು ಮಾರಿ, ಸಾಲ ತೀರಿಸಿದ ಮೇಲೆ.

ಮರುವರ್ಷದ ಶೀಗಿ ಹುಣ್ಣಿಮೆಗೆ ಬಾಡಿಗೆ ಗಾಡಿ ಮಾಡಿದೆವು. ಡ್ರೈವರ್ ಹೊಲದ ಬದುವಿಗೇ ಇಳಿಸಿದ, ಸಂಜೆ ಮನೆಗೆ ತಂದು ಬಿಟ್ಟ, 1,200 ತೆಗೆದುಕೊಂಡ. "ಒಂದ ದಿನಕ್ಕ ಇಷ್ಟ ರೊಕ್ಕ ಯಾಕ ಕೊಟ್ಟಿ?" ಎಂದು ಅವ್ವ ಮುಖ ಸಣ್ಣದು ಮಾಡಿಕೊಂಡಳು. ಕಾರಿದ್ದ ವರ್ಷವೆಲ್ಲ ಒಮ್ಮೆಯೂ ಹಾಗೆ ಕೇಳಿದವಳಲ್ಲ. ಅವತ್ತು ರಾತ್ರಿ ಪಕ್ಕದಲ್ಲಿ ಕೂರಿಸಿಕೊಂಡು ಚೀಟಿಗಳನ್ನು ಒಂದೊಂದಾಗಿ ಓದಿ ಹೇಳಿದೆ.