ಕೀಟೋನ್ ಪುಡಿ ಕುಡಿದರೆ ದೇಹದೊಳಗೆ ಏನಾಗುತ್ತದೆ?

"ಸಿಸ್ಟರ್, ತೂಕ ಇಳಿಸಲು ಮಗ ಕೀಟೋನ್ ಪುಡಿ ತರಿಸಿದ್ದಾನೆ. ನನಗೆ ಸಕ್ಕರೆ ಕಾಯಿಲೆ ಇದೆ. ನಾನೂ ಕುಡಿಯಬಹುದೇ?" ಎಂದು ಕೇಳುವವರಿದ್ದಾರೆ. ವೈದ್ಯರನ್ನು ಕೇಳದೆ ಕುಡಿಯಲೇಬೇಡಿ. ಏಕೆ ಎಂಬುದನ್ನು ಇಲ್ಲಿ ತಿಳಿದುಕೊಳ್ಳೋಣ.

ಕೀಟೋನ್ ಎಂದರೇನು?

ನಾವು ಉಂಡ ರೊಟ್ಟಿ, ಅನ್ನ, ಮುದ್ದೆ ಜೀರ್ಣವಾಗಿ ಸಕ್ಕರೆಯ ರೂಪದಲ್ಲಿ ರಕ್ತವನ್ನು ಸೇರುತ್ತವೆ. ಬಹಳ ಹೊತ್ತು ಊಟವಿಲ್ಲದಿದ್ದರೆ ದೇಹವು ಕೂಡಿಟ್ಟ ಕೊಬ್ಬನ್ನು ಕರಗಿಸುತ್ತದೆ. ಆ ಕೊಬ್ಬಿನಿಂದ ಯಕೃತ್ತು (ಲಿವರ್) ಕೀಟೋನ್ ತಯಾರಿಸುತ್ತದೆ. ಮಿದುಳು, ಹೃದಯ, ಸ್ನಾಯುಗಳು ಅದನ್ನು ಉರುವಲಿನಂತೆ ಬಳಸಿಕೊಳ್ಳುತ್ತವೆ. ತಯಾರಿಸುವ ಯಕೃತ್ತು ಮಾತ್ರ ಅದನ್ನು ಬಳಸಲಾರದು.

ಕುಡಿದದ್ದು ಎಲ್ಲಿಗೆ ಹೋಗುತ್ತದೆ?

ಮಾರಾಟಕ್ಕೆ ಸಿಗುವುದರಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ಕೀಟೋನ್ ಲವಣ. ಇದರಲ್ಲಿ ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ ಮುಂತಾದವು ಸೇರಿರುತ್ತವೆ. ಇನ್ನೊಂದು ಕೀಟೋನ್ ಎಸ್ಟರ್. ಇದು ಕರುಳು ಮತ್ತು ಯಕೃತ್ತಿನಲ್ಲಿ ಒಡೆದು ಕೀಟೋನ್ ಆಗುತ್ತದೆ. ಕುಡಿದ 1-2 ಗಂಟೆಗಳಲ್ಲಿ ರಕ್ತದಲ್ಲಿ ಕೀಟೋನ್ ಏರುತ್ತದೆ. ಆರೋಗ್ಯವಂತರಲ್ಲಿ ಕೆಲವೇ ಗಂಟೆಗಳಲ್ಲಿ ಇಳಿಯುತ್ತದೆ. ಹೆಚ್ಚಿನ ಪಾಲು ಅಂಗಗಳಲ್ಲಿ ಉರಿದುಹೋಗುತ್ತದೆ. ಮೂತ್ರದಲ್ಲಿ, ಉಸಿರಿನಲ್ಲಿ ಹೊರಹೋಗುವುದು ಸ್ವಲ್ಪವೇ.

ಒಂದು ಮಾತು ಗಮನಿಸಿ. ಹೀಗೆ ಏರಿದ ಕೀಟೋನ್ ಡಬ್ಬಿಯಿಂದ ಬಂದದ್ದು, ನಿಮ್ಮ ಹೊಟ್ಟೆಯ ಕೊಬ್ಬು ಕರಗಿ ಬಂದದ್ದಲ್ಲ.

ಸಕ್ಕರೆ ಕಾಯಿಲೆಯವರಿಗೆ ಅಪಾಯವೇಕೆ?

ಕೀಟೋನ್ ಮಿತಿಮೀರದಂತೆ ಕಡಿವಾಣ ಹಾಕುವುದು ಇನ್ಸುಲಿನ್. ಇನ್ಸುಲಿನ್ ಸಾಲದಿದ್ದರೆ ಯಕೃತ್ತು ತಯಾರಿಕೆ ನಿಲ್ಲಿಸುವುದಿಲ್ಲ. ಬಳಕೆಗಿಂತ ಉತ್ಪತ್ತಿ ಹೆಚ್ಚಾಗಿ ರಕ್ತ ಆಮ್ಲವಾಗುತ್ತದೆ. ಇದೇ ಕೀಟೋಅಸಿಡೋಸಿಸ್. ಚಿಕಿತ್ಸೆ ತಡವಾದರೆ ಜೀವಕ್ಕೇ ಅಪಾಯ. ಅಂಥವರು ಪುಡಿಯನ್ನೂ ಕುಡಿದರೆ ಹೊರೆಯ ಮೇಲೆ ಹೊರೆ.

ರಕ್ತದ ಕೀಟೋನ್ 0.6 ಮಿಲಿಮೋಲ್‌ಗಿಂತ ಕಡಿಮೆ ಇದ್ದರೆ ಸಹಜ. 1.5 ದಾಟಿದರೆ ತಕ್ಷಣ ವೈದ್ಯರಿಗೆ ತಿಳಿಸಬೇಕು. 3 ಮುಟ್ಟಿದರೆ ತುರ್ತು ಚಿಕಿತ್ಸೆ ಬೇಕು. ಮೂತ್ರದ ಪಟ್ಟಿಯು ಮುಖ್ಯ ಕೀಟೋನನ್ನು ಗುರುತಿಸುವುದಿಲ್ಲ. ಆದ್ದರಿಂದ ಬಣ್ಣ ತಿಳಿಯಾಗಿದೆಯೆಂದು ನಿಶ್ಚಿಂತರಾಗಬೇಡಿ.

ನೆನಪಿಡಿ

1. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇರುವವರು ಮತ್ತು ಗರ್ಭಿಣಿಯರು ವೈದ್ಯರನ್ನು ಕೇಳದೆ ಈ ಪುಡಿ ಸೇವಿಸಕೂಡದು. ಲವಣದ ಪುಡಿಯಿಂದ ಹೊಟ್ಟೆ ಕೆಡುವುದೂ ಉಂಟು.

2. ಜ್ವರ, ವಾಂತಿ ಇದ್ದು ಊಟ ಸೇರದಿದ್ದರೂ ಇನ್ಸುಲಿನ್ ಅನ್ನು ನೀವಾಗಿಯೇ ನಿಲ್ಲಿಸಬೇಡಿ. "ಉಂಡಿಲ್ಲ, ಸೂಜಿ ಏಕೆ?" ಎಂದುಕೊಳ್ಳುವುದೇ ದೊಡ್ಡ ತಪ್ಪು. ಪ್ರಮಾಣ ಎಷ್ಟೆಂದು ವೈದ್ಯರನ್ನು ಕೇಳಿ.

3. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆ ನುಂಗುವವರಲ್ಲಿ ಸಕ್ಕರೆ ಅಷ್ಟಾಗಿ ಏರದೆಯೂ ಕೀಟೋನ್ ಏರಬಹುದು. ಉಪವಾಸ, ಶಸ್ತ್ರಚಿಕಿತ್ಸೆ ಇದ್ದರೆ ಮುಂಚೆಯೇ ತಿಳಿಸಿ. ಕಾಯಿಲೆ ಬಿದ್ದರೆ ಮಾತ್ರೆ ಮುಂದುವರಿಸಬೇಕೇ ಎಂದು ಕೇಳಿ.

4. ವಾಂತಿ, ಹೊಟ್ಟೆನೋವು, ಬಾಯಲ್ಲಿ ಹಣ್ಣಿನಂಥ ವಾಸನೆ, ಏದುಸಿರು, ಮಂಪರು ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ. ಕೂಡಲೇ ಆಸ್ಪತ್ರೆಗೆ ಕರೆತನ್ನಿ.

5. ಪುಡಿ ಕುಡಿದಿದ್ದರೆ ಮುಚ್ಚಿಡಬೇಡಿ, ಡಬ್ಬಿಯನ್ನೂ ತನ್ನಿ. ಬೈಯುವುದಕ್ಕಲ್ಲ, ಸರಿಯಾದ ಚಿಕಿತ್ಸೆ ಕೊಡುವುದಕ್ಕಾಗಿ ಕೇಳುತ್ತೇವೆ.

ರೋಗಿಯ ಬಳಿ ಇರುವ ಬಂಧುಗಳೇ, ಮಂಪರಿನಲ್ಲಿರುವವರು ತಮ್ಮ ಕಷ್ಟ ಹೇಳಿಕೊಳ್ಳಲಾರರು. ಈ ಲಕ್ಷಣಗಳನ್ನು ನೀವು ನೆನಪಿಟ್ಟುಕೊಳ್ಳಿ.