ಬೀಜದಿಂದ ಮುರುಗಲು ಸಸಿ ಬೆಳೆಸುವುದು

ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳ ಕಾಡಿನಂಚಿನಲ್ಲಿಯೂ ಸೊಪ್ಪಿನ ಬೆಟ್ಟಗಳಲ್ಲಿಯೂ ಮುರುಗಲು ತಾನಾಗಿಯೇ ಬೆಳೆಯುವ ಮರ. ದಕ್ಷಿಣ ಕನ್ನಡದಲ್ಲಿ ಇದೇ ಪುನರ್ಪುಳಿ. ಇದರ ಒಣಸಿಪ್ಪೆ ಸಾರಿಗೂ ಪಾನಕಕ್ಕೂ ಆಗುತ್ತದೆ. ಬೀಜದ ತುಪ್ಪ ಒಡೆದ ಹಿಮ್ಮಡಿಗೆ ಮದ್ದು. ಈಗ ಇದನ್ನು ಬೆಟ್ಟದಲ್ಲಿ ನೆಟ್ಟು ಬೆಳೆಸಬೇಕೆಂಬ ರೈತರು, ಬೀಜ ಹಾಕಿದರೆ ಸಾಲದೇ ಎಂದು ಕೇಳುತ್ತಾರೆ. ಬೀಜ ಹುಟ್ಟಿಸುವುದು ಕಷ್ಟವಲ್ಲ. ಏಳೆಂಟು ವರ್ಷ ಸಾಕಿದ ಮೇಲೆ ಅದು ಗಂಡು ಮರವೆಂದು ತಿಳಿದರೆ, ಅದೇ ನಷ್ಟ.

ಮೊದಲು ತಾಯಿಮರ ಆರಿಸಬೇಕು. ಹಣ್ಣು ದೊಡ್ಡದಿರಬೇಕು, ಸಿಪ್ಪೆ ದಪ್ಪವಿರಬೇಕು. ಇವೆರಡಕ್ಕಿಂತ ಮುಖ್ಯವಾದುದು ಮಳೆಗೆ ಮುಂಚೆ ಹಣ್ಣಾಗುವ ಗುಣ. ಮಳೆ ಹಿಡಿದ ಮೇಲೆ ಹಣ್ಣಾಗುವ ಮರದ ಫಲ ಕೊಳೆಯುತ್ತದೆ, ಸಿಪ್ಪೆ ಒಣಗಿಸಲು ಬಿಸಿಲೂ ಇರುವುದಿಲ್ಲ. ಆದರೆ ತಾಯಿಯ ಗುಣವೆಲ್ಲ ಬೀಜದ ಸಸಿಗೆ ಬರುತ್ತದೆಂದು ನಂಬಬೇಡಿ.

ಏಪ್ರಿಲ್-ಮೇ ತಿಂಗಳಲ್ಲಿ ಚೆನ್ನಾಗಿ ಕಳಿತ ಹಣ್ಣಿನ ಬೀಜ ತೆಗೆದು, ಬೂದಿ ಹಾಕಿ ಉಜ್ಜಿ, ಅಂಟು ಹೋಗುವಂತೆ ತೊಳೆಯಿರಿ. ನೀರು ಆರುವಷ್ಟು ಹೊತ್ತು ನೆರಳಿನಲ್ಲಿ ಹರಡಿ, ಕೂಡಲೇ ಬಿತ್ತಿರಿ. ಈ ಬೀಜ ಭತ್ತದಂತೆ ಒಣಗಿಸಿ ಕಾಪಿಡುವಂಥದಲ್ಲ, ಒಣಗಿದರೆ ಸಾಯುತ್ತದೆ. ಮೊದಮೊದಲು ನಾನೇ ಪರವೂರಿಗೆ ಕೊಡಲೆಂದು ಬೀಜ ಒಣಗಿಸಿಟ್ಟು, ಬಹುಪಾಲು ಕಳೆದುಕೊಂಡಿದ್ದೇನೆ.

ಮಣ್ಣು, ಮರಳು, ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿದ ಪಾಲಿಥೀನ್ ಚೀಲದಲ್ಲಿ 2-3 ಸೆಂ.ಮೀ. ಆಳಕ್ಕೆ ಬೀಜ ಊರಬೇಕು. ತಾಯಿಬೇರು ಉದ್ದವಾಗಿ ಇಳಿಯುವುದರಿಂದ ಗಿಡ್ಡ ಚೀಲ ಬೇಡ. ಅರೆನೆರಳು ಇರಲಿ, ನೀರು ನಿಲ್ಲದಿರಲಿ. ಸಸಿ ನಿಧಾನವಾಗಿ ಬೆಳೆಯುತ್ತದೆ. ಒಂದು ವರ್ಷ ಸಾಕಿ ಮರುಮಳೆಗಾಲಕ್ಕೆ ನೆಡುವುದು ಲೇಸು. ಅಂತರ 6 ಮೀಟರ್ ಸಾಕು. ಜಂಬಿಟ್ಟಿಗೆ ನೆಲದಲ್ಲಿ ಗುಂಡಿಯನ್ನು 60 ಸೆಂ.ಮೀ. ಆಳಕ್ಕೆ ಕಡಿಮೆ ಮಾಡಬಾರದು.

ಬೀಜದ ಸಸಿಗಳಲ್ಲಿ ಸುಮಾರು ಅರ್ಧ ಗಂಡು. ಎಲೆ ನೋಡಿ ಗುರುತಿಸುತ್ತೇವೆನ್ನುವವರ ಮಾತಿಗೆ ನಾನು ಬೆಲೆ ಕೊಡುವುದಿಲ್ಲ. ಹೂ ಬಂದಾಗ ನೋಡಿ: ಗಂಡು ಹೂಗಳು ಗೊಂಚಲಾಗಿದ್ದು ನಡುವೆ ಕೇಸರಗಳು ಒತ್ತಾಗಿರುತ್ತವೆ, ಹೆಣ್ಣು ಹೂವಿನ ನಡುವೆ ಪುಟ್ಟ ಹಸಿರು ಕಾಯಿ ಕಾಣುತ್ತದೆ. ಗಂಡು ಮರಗಳನ್ನೆಲ್ಲ ಕಡಿಯಬೇಡಿ, ಪರಾಗಕ್ಕೆ ಒಂದೆರಡು ಬೇಕು.

ಅಷ್ಟು ವರ್ಷ ಕಾಯುವ ಬದಲು ಬೀಜದ ಸಸಿಯನ್ನು ಬೇರುಗಿಡವೆಂದು ಬಗೆದು, ಫಲ ಕಂಡ ಹೆಣ್ಣುಮರದ ಕಡ್ಡಿಯನ್ನು ಮೃದುಕಾಂಡ ಕಸಿ ಮಾಡುವುದೇ ನನ್ನ ಸಲಹೆ. ಕಸಿಗಿಡ ನಾಲ್ಕೈದು ವರ್ಷಕ್ಕೆ ಫಲ ಕೊಡುತ್ತದೆ. ಕಡ್ಡಿಯನ್ನು ನೆಟ್ಟಗೆ ಮೇಲೇರುವ ಚಿಗುರಿನಿಂದ ತೆಗೆಯಬೇಕು; ಅಡ್ಡ ಕೊಂಬೆಯದಾದರೆ ಗಿಡ ಮೇಲೇಳದೆ ಪೊದೆಯಂತೆ ಹರಡುತ್ತದೆ.

ಉಪ್ಪಾಗೆ ಬೀಜಕ್ಕೆ ಈ ಲೆಕ್ಕ ಹಿಡಿಯಬೇಡಿ. ಮುರುಗಲಿನ ಹತ್ತಿರದ ನೆಂಟನಾದರೂ ಅದು ಮೊಳೆಯಲು ಹಲವು ತಿಂಗಳು ಬೇಕು. ಹುಟ್ಟಲಿಲ್ಲವೆಂದು ಚೀಲ ಚೆಲ್ಲಬಾರದು.