ಸೂಲಿನ ಲೆಕ್ಕ

ಹೈನು ಇರುವ ಮನೆಯಲ್ಲಿ ಎರಡು ಲೆಕ್ಕಗಳಿರಬೇಕು. ಸಾಮಾನ್ಯವಾಗಿ ಇರುವುದು ಒಂದೇ. ಎಷ್ಟು ಲೀಟರ್ ಹಾಲು ಬಂತು, ಅದರ ಜಿಡ್ಡೆಷ್ಟು, ಅದಕ್ಕೆ ಹಣವೆಷ್ಟು ಎಂದು ಕೊಂಡವರು ಬರೆದುಕೊಡುವ ಡೈರಿಯ ಚೀಟಿ ಮೊದಲನೆಯ ಲೆಕ್ಕ, ಮತ್ತು ಅದು ಶಿಕಾರಿಪುರ ತಾಲ್ಲೂಕಿನ ಈಸೂರಿನಂಥ ಊರುಗಳ ಹೈನಿನ ಮನೆಗಳಲ್ಲಿ ಗೋಡೆಯ ಮೊಳೆಗೆ ಸಿಕ್ಕಿಕೊಂಡಿರುತ್ತದೆ. ಆ ಹಾಲು ಯಾವ ರಾಸಿನದು, ಆ ರಾಸು ಈದು ಎಷ್ಟು ದಿನವಾಯಿತು, ಅದು ತಿಂದ ಹಿಂಡಿಗೆ ತಗುಲಿದ ಖರ್ಚೆಷ್ಟು ಎಂಬ ಎರಡನೆಯ ಲೆಕ್ಕವನ್ನು ಮನೆಯವರೇ ಬರೆದುಕೊಳ್ಳಬೇಕಾಗುತ್ತದೆ. ಬರೆಯದೆ ಹೋದರೆ ಆಗುವ ನಷ್ಟ ಯಾವ ಚೀಟಿಯಲ್ಲೂ ಮೂಡುವುದಿಲ್ಲವಾದ್ದರಿಂದ ಅದನ್ನು ನಷ್ಟವೆಂದು ಎಣಿಸುವವರೂ ಇಲ್ಲ. ಆಡು ಸಾಕಿದವರ ಸ್ಥಿತಿ ಇನ್ನೂ ಒಂದು ಹೆಜ್ಜೆ ಹಿಂದಿದೆ: ಗ್ರಾಮದ ಹಾಲು ಉತ್ಪಾದಕರ ಸಹಕಾರ ಸಂಘ ಅಳೆದುಕೊಳ್ಳುವುದು ಆಕಳು, ಎಮ್ಮೆಗಳ ಹಾಲನ್ನೇ ಆದ್ದರಿಂದ ಆಡಿನ ಹಾಲಿಗೆ ಮೊದಲನೆಯ ಲೆಕ್ಕವೂ ಇಲ್ಲ.

ಮೊದಲನೆಯ ಲೆಕ್ಕದ ಹಿಂದೆ ದೊಡ್ಡ ವ್ಯವಸ್ಥೆಯೇ ಇದೆ. 1974ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಆರಂಭವಾದ ಕರ್ನಾಟಕ ಹೈನು ಅಭಿವೃದ್ಧಿ ನಿಗಮ 1984ರಲ್ಲಿ ಕರ್ನಾಟಕ ಹಾಲು ಮಹಾಮಂಡಳವಾಯಿತು. ಅದರ ಅಡಿಯಲ್ಲಿ ಶಿಮುಲ್ ಎಂಬ ಒಕ್ಕೂಟ ಈ ಭಾಗದ ಸಂಘಗಳ ಹಾಲನ್ನು ಮಾಚೇನಹಳ್ಳಿಯ ಡೈರಿಗೆ ಒಯ್ಯುತ್ತದೆ. ಸಂಘದಲ್ಲಿ ಹಾಲಿಗೆ ಬೆಲೆ ಕಟ್ಟುವುದು ಎರಡು ಅಂಕಿಗಳ ಮೇಲೆ. ಒಂದು ಜಿಡ್ಡು, ಊರಿನ ಮಾತಿನಲ್ಲಿ ಫ್ಯಾಟು. ಇನ್ನೊಂದು ಎಸ್‌ಎನ್‌ಎಫ್, ಅಂದರೆ ಹಾಲಿನ ನೀರನ್ನೂ ಜಿಡ್ಡನ್ನೂ ತೆಗೆದರೆ ಉಳಿಯುವ ಸಸಾರಜನಕ, ಸಕ್ಕರೆ, ಲವಣಗಳ ಮೊತ್ತ. ಹಳೆಯ ಗರ್ಬರ್ ವಿಧಾನದಲ್ಲಿ 10 ಮಿಲಿಲೀಟರ್ ಗಂಧಕಾಮ್ಲಕ್ಕೆ 10.75 ಮಿಲಿಲೀಟರ್ ಹಾಲು, 1 ಮಿಲಿಲೀಟರ್ ಅಮೈಲ್ ಆಲ್ಕೋಹಾಲ್ ಬೆರೆಸಿ ಗಿರಗಿರನೆ ತಿರುಗಿಸಿದರೆ ಆಮ್ಲವು ಜಿಡ್ಡಿನ ಹೊರತು ಉಳಿದುದನ್ನೆಲ್ಲ ಕರಗಿಸಿಬಿಡುತ್ತದೆ, ಮೇಲಕ್ಕೆ ಬಂದ ಜಿಡ್ಡಿನ ಎಳೆಯನ್ನು ಗಾಜಿನ ಕೊಳವೆಯ ಗೆರೆಗಳ ಮೇಲೆ ಓದಿಕೊಳ್ಳಬಹುದು. ಈಗ ಬಹಳ ಕಡೆ ಆ ಕೆಲಸವನ್ನು ಒಂದು ಯಂತ್ರವೇ ನಿಮಿಷದೊಳಗೆ ಮಾಡಿ ಚೀಟಿ ಕಕ್ಕುತ್ತದೆ. ಎಸ್‌ಎನ್‌ಎಫ್ ಅಂಕಿಯನ್ನು ಲ್ಯಾಕ್ಟೋಮೀಟರಿನ 'ಡಿಗ್ರಿ' ಮತ್ತು ಜಿಡ್ಡು ಎರಡನ್ನೂ ಸೇರಿಸಿ ಸೂತ್ರದಿಂದ ಎಣಿಸುತ್ತಾರೆ. ಆದ್ದರಿಂದ ಜಿಡ್ಡಿನ ಓದಿನಲ್ಲಾದ ತಪ್ಪು ಎಸ್‌ಎನ್‌ಎಫ್‌ಗೂ ಹರಿಯುತ್ತದೆ.

ಈ ಚೀಟಿ ಸುಳ್ಳು ಹೇಳುವುದಿಲ್ಲ, ಆದರೆ ಕೇಳದ ಪ್ರಶ್ನೆಗೆ ಉತ್ತರಿಸುವುದಿಲ್ಲ. ಅಂಕಣಕಾರನ ಮನೆಯ ಅನುಭವವನ್ನೇ ಉದಾಹರಣೆಯಾಗಿ ಇಡಬಹುದು. ಆ ಕೊಟ್ಟಿಗೆಯಲ್ಲಿದ್ದ ಎರಡು ಮಿಶ್ರತಳಿ ಆಕಳುಗಳಲ್ಲಿ ಒಂದು ದಿನಕ್ಕೆ 8 ಲೀಟರ್ ಕೊಡುತ್ತಿತ್ತು, ಅದರ ಜಿಡ್ಡು 3.3, ಇನ್ನೊಂದು 4 ಲೀಟರ್, ಜಿಡ್ಡು 4.4. ಎರಡೂ ಒಂದೇ ಕ್ಯಾನಿನಲ್ಲಿ ಬೆರೆತಾಗ ಜಿಡ್ಡು 3.67 ಆಗಿ, ಚೀಟಿಯಲ್ಲಿ 3.7 ಎಂದು ಬಂದು, ಪೂರ್ತಿ ದರಕ್ಕೆ ಬೇಕಾದ 3.5ರ ಮಟ್ಟವನ್ನು ಸಲೀಸಾಗಿ ದಾಟುತ್ತಿತ್ತು. ಕಡಿಮೆ ಹಾಲಿನ ಆಕಳನ್ನು ಮುಂದಿನ ಕರುವಿಗಾಗಿ ಬತ್ತಿಸಿದ ತಿಂಗಳು ಜಿಡ್ಡು ಇದ್ದಕ್ಕಿದ್ದಂತೆ 3.3ಕ್ಕೆ ಇಳಿದು ದರ ಮುರಿದುಕೊಂಡಿತು, ಮತ್ತು ಮನೆಯವರು ಮೊದಲು ಮಾಡಿದ ಕೆಲಸವೆಂದರೆ ಹಾಲು ಪರೀಕ್ಷಕರ ಮೇಲೆ ಗುಮಾನಿ ಪಟ್ಟದ್ದು. ಎರಡು ಬಟವಾಡೆಗಳವರೆಗೆ ಆ ಗುಮಾನಿ ಬೆಳೆಯಿತು. ಪ್ರತಿ ಆಕಳಿನ ಹಾಲನ್ನು ಬೇರೆಬೇರೆಯಾಗಿ ಒಂದೇ ಒಂದು ಸಲ ಪರೀಕ್ಷಿಸಿಟ್ಟಿದ್ದರೂ ಆ ಕುಸಿತ ಮೊದಲೇ ತಿಳಿಯಬಹುದಾಗಿತ್ತು. 8 ಲೀಟರಿನ ಆಕಳನ್ನು ಹೊಗಳುತ್ತ 4 ಲೀಟರಿನದ್ದನ್ನು 'ಹೊಟ್ಟೆಗೆ ದಂಡ' ಎಂದು ಬಯ್ಯುತ್ತಿದ್ದ ಮನೆಗೆ, ದೊಡ್ಡ ಆಕಳಿನ ದರವನ್ನು ಎತ್ತಿ ಹಿಡಿದಿದ್ದು ಆ ಬಯ್ಗುಳ ತಿಂದ ಆಕಳೇ ಎಂಬುದು ತಡವಾಗಿ ತಿಳಿಯಿತು.

ಲೆಕ್ಕದ ಪುಸ್ತಕ ಯಾರದು ಎಂಬ ಪ್ರಶ್ನೆ ಈಸೂರಿಗೆ ಹೊಸದೇನಲ್ಲ. 1942ರ ಸೆಪ್ಟೆಂಬರಿನಲ್ಲಿ ಈಸೂರು ತನ್ನನ್ನು ಸ್ವತಂತ್ರವೆಂದು ಘೋಷಿಸಿಕೊಂಡಾಗ ಊರಿನವರು ಮಾಡಿದ ಮೊದಲ ಕೆಲಸಗಳಲ್ಲಿ ಒಂದು, ಕಂದಾಯಕ್ಕೆ ಬಂದ ಪಟೇಲ, ಶಾನುಭೋಗರ ಕೈಯಿಂದ ಲೆಕ್ಕದ ಪುಸ್ತಕಗಳನ್ನು ಕಿತ್ತುಕೊಂಡದ್ದು. ಆ ಹೋರಾಟಕ್ಕೆ ಊರು ತೆತ್ತ ಬೆಲೆ, 1943ರ ಮಾರ್ಚಿನಲ್ಲಿ ಗಲ್ಲಿಗೇರಿದ ಐವರ ಪ್ರಾಣ, ಎಲ್ಲರಿಗೂ ತಿಳಿದದ್ದು. ಕೊಟ್ಟಿಗೆಯ ಮಾತನ್ನು ಆ ಎತ್ತರಕ್ಕೆ ಏರಿಸುವುದು ಸಲ್ಲದು. ಆದರೂ ಒಂದು ಅಂಶ ಗಮನಾರ್ಹ: ಶಾನುಭೋಗರ ಪುಸ್ತಕ ಊರಿನಿಂದ ಎಷ್ಟು ಬರಬೇಕು ಎಂದು ಹೇಳುತ್ತಿತ್ತೇ ಹೊರತು ಊರಿಗೆ ಎಷ್ಟು ಉಳಿಯುತ್ತದೆ ಎಂದು ಹೇಳುತ್ತಿರಲಿಲ್ಲ. ಡೈರಿಯ ಚೀಟಿ ರೈತರದೇ ಸಂಘದ್ದು, ಅದರ ಉದ್ದೇಶ ಬೇರೆ. ಆದರೆ ಉಳಿತಾಯದ ಪ್ರಶ್ನೆಗೆ ಅದರಲ್ಲೂ ಉತ್ತರವಿಲ್ಲ.

ರಾಸುವಾರು ಲೆಕ್ಕ ಇಡುವ ಪದ್ಧತಿ ಸಂಘಟಿತವಾಗಿ ಆರಂಭವಾದದ್ದು ಡೆನ್ಮಾರ್ಕಿನ ವೇಯೆನ್ ಎಂಬಲ್ಲಿ, 1895ರಲ್ಲಿ. ಅಲ್ಲಿನ ರೈತರು ಕೂಡಿ ಒಬ್ಬ ಪರೀಕ್ಷಕನನ್ನು ನೇಮಿಸಿಕೊಂಡರು. ಅವನು ಸರದಿಯ ಮೇಲೆ ಮನೆಮನೆಗೆ ಹೋಗಿ ಪ್ರತಿ ಆಕಳಿನ ಹಾಲನ್ನು ತೂಗಿ, ಜಿಡ್ಡು ನೋಡಿ, ತಿಂದ ಮೇವನ್ನೂ ಬರೆಯುತ್ತಿದ್ದ. ಇಂದು ಅಂತರರಾಷ್ಟ್ರೀಯವಾಗಿ ಒಪ್ಪಿತವಾದ ಮುಖ್ಯ ಕ್ರಮವೂ ಅದರ ಮುಂದುವರಿಕೆಯೇ: ನಾಲ್ಕು ವಾರಕ್ಕೊಮ್ಮೆ ಒಂದು ದಿನವನ್ನು ಗೊತ್ತುಮಾಡಿ, ಆ 24 ಗಂಟೆಗಳ ಎಲ್ಲ ಕರಾವನ್ನೂ ರಾಸುವಾರು ತೂಗುವುದು. ಒಂದು ತೂಕದ ದಿನಕ್ಕೂ ಮುಂದಿನದಕ್ಕೂ ನಡುವಿನ ದಿನಗಳಲ್ಲಿ ಎರಡು ಅಂಕಿಗಳ ಸರಾಸರಿಯಷ್ಟು ಹಾಲು ಬಂದಿತೆಂದು ಹಿಡಿದು ಕೂಡಿದರೆ ಇಡೀ ಸೂಲಿನ, ಎಂದರೆ ಈದ ದಿನದಿಂದ ಬತ್ತುವವರೆಗಿನ ಅವಧಿಯ, ಒಟ್ಟು ಹಾಲು ಸಿಗುತ್ತದೆ. ದಿನವೂ ತೂಗಬೇಕಾಗಿಲ್ಲ ಎಂಬುದೇ ಈ ಕ್ರಮದ ಜಾಣತನ, ಮತ್ತು ದಿನವೂ ತೂಗಬೇಕೆಂದು ಹೊರಟವರು ಹನ್ನೊಂದನೆಯ ದಿನಕ್ಕೆ ಪುಸ್ತಕ ಮುಚ್ಚುತ್ತಾರೆ ಎಂಬುದು ಅಂಕಣಕಾರನಿಗೆ ಸ್ವಂತ ಕೈಯಿಂದಲೇ ಗೊತ್ತು.

ಆಡಿನ ವಿಷಯದಲ್ಲಿ ತೊಡಕು ಹೆಚ್ಚು, ಏಕೆಂದರೆ ಹಾಲಿನ ಮೊದಲ ಗಿರಾಕಿ ಮರಿ. ತೂಕದ ದಿನ ಸಂಜೆ 6ಕ್ಕೆ ಕೆಚ್ಚಲನ್ನು ಪೂರ್ತಿ ಬರಿದು ಮಾಡಿ ಮರಿಗಳನ್ನು ಬುಟ್ಟಿಯಡಿ ಬೇರೆ ಮಾಡಬೇಕು, ಬೆಳಗಿನ 6ಕ್ಕೂ ಮತ್ತೆ ಸಂಜೆ 6ಕ್ಕೂ ಕರೆದು ತೂಗಿ, ಮರಿಯ ಪಾಲನ್ನು ಬಾಟಲಿಯಿಂದ ಕುಡಿಸಬೇಕು. ಬೆಳಗಿನ ಕರಾವನ್ನು ಮಾತ್ರ ತೂಗಿ ಎರಡರಿಂದ ಗುಣಿಸುವ ಸುಲಭ ದಾರಿಯಲ್ಲಿ ಒಂದು ಕುಳಿ ಇದೆ: ಸಂಜೆ 5ಕ್ಕೆ ಕರೆದು ಮರುದಿನ 8ಕ್ಕೆ ಕರೆದರೆ ನಡುವೆ 15 ಗಂಟೆ ಆಗಿರುತ್ತದೆ, ಆಗ ಬಂದ 600 ಗ್ರಾಮನ್ನು ದ್ವಿಗುಣಗೊಳಿಸಿ 1,200 ಎಂದು ಬರೆದುಕೊಂಡರೆ ನಿಜವಾದ 960 ಗ್ರಾಮಿನ ಮೇಲೆ ಕಾಲು ಭಾಗ ಗಾಳಿ ಸೇರುತ್ತದೆ. ಅಳತೆ ಪಾತ್ರೆಗಿಂತ ಸ್ಪ್ರಿಂಗ್ ತಕ್ಕಡಿ ಮೇಲು, ನೊರೆ ಲೀಟರನ್ನು ಉಬ್ಬಿಸುತ್ತದೆ, ತೂಕವನ್ನು ಉಬ್ಬಿಸಲಾರದು. ಜಿಡ್ಡು ನೋಡಿಸುವುದಿದ್ದರೆ ಪೂರ್ತಿ ಕರಾವನ್ನು ಕಲಕಿ ಮಾದರಿ ತೆಗೆಯಬೇಕು, ಏಕೆಂದರೆ ಮೊದಲ ಧಾರೆ ತೆಳುವಾಗಿಯೂ ಕೊನೆಯ ಧಾರೆ ಜಿಡ್ಡಾಗಿಯೂ ಇರುತ್ತದೆ. ಗಿಣ್ಣಿನ ನಾಲ್ಕೈದು ದಿನ ತೂಕವೇ ಬೇಡ. ಅದು ಮರಿಯ ಹಕ್ಕು.

ಮನೆಯ ಪುಸ್ತಕದಲ್ಲಿ ಪ್ರತಿ ಆಡಿಗೂ ಒಂದು ಹಾಳೆ, ಹಾಳೆಯ ತಲೆಯಲ್ಲಿ ಕಿವಿಯೋಲೆಯ 12 ಅಂಕಿಗಳ ಸಂಖ್ಯೆ, ಅದರ ಕೆಳಗೆ ಮನೆಯವರು ಕರೆಯುವ ಹೆಸರು. ಅದರಲ್ಲಿನ ಎರಡು ಹಾಳೆಗಳು ಇಲ್ಲಿ ಸಾಕು. ಚುಕ್ಕಿ ಎಂಬುದು ಜಮುನಾಪಾರಿ ಬೆರಕೆಯ, ಉದ್ದ ಕಿವಿಯ, ನೋಡಿದವರೆಲ್ಲ ಬೆಲೆ ಕೇಳುವ ಆಡು. ಕಪ್ಪಿ ನಾಟಿ ಆಡು, ಗಿಡ್ಡದು. ಚುಕ್ಕಿ ಈದ 20, 50, 80, 110ನೆಯ ದಿನಗಳಲ್ಲಿ ಕ್ರಮವಾಗಿ 1.2, 1.0, 0.7, 0.4 ಕಿಲೋ ಕೊಟ್ಟು 130ನೆಯ ದಿನ ಬತ್ತಿತು. ಕಪ್ಪಿ ಅದೇ ದಿನಗಳಲ್ಲಿ 0.8, 0.8, 0.7, 0.6 ಕಿಲೋ ಕೊಟ್ಟಿತು. 140ನೆಯ ದಿನದ ತೂಕ ಮನೆಯ ಮದುವೆಯೊಂದರ ಗಡಿಬಿಡಿಯಲ್ಲಿ ತಪ್ಪಿಹೋಯಿತು, 170ನೆಯ ದಿನ 0.4 ಬಂತು, 190ಕ್ಕೆ ಬತ್ತಿತು. ತಪ್ಪಿದ ತೂಕದ ಜಾಗದಲ್ಲಿ ಯಾರೋ ನೆನಪಿನಿಂದ 'ಮುಕ್ಕಾಲು ಕಿಲೋ' ಎಂದು ಬರೆದಿದ್ದರು. ನೆನಪಿನಿಂದ ಬರೆದ ಅಂಕಿ ಯಾವಾಗಲೂ ದುಂಡಗಿರುತ್ತದೆ ಮತ್ತು ಸಾಮಾನ್ಯವಾಗಿ ಉದಾರವಾಗಿರುತ್ತದೆ. ಅದನ್ನು ಹೊಡೆದುಹಾಕಿ 110 ಮತ್ತು 170ರ ನಡುವಿನ 60 ದಿನಗಳಿಗೆ ದಿನಕ್ಕೆ ಅರ್ಧ ಕಿಲೋ ಹಿಡಿಯಲಾಯಿತು. ಮೊದಲ ತೂಕದ ಹಿಂದಿನ ದಿನಗಳಿಗೆ ಮೊದಲ ಅಂಕಿಯನ್ನೂ ಕೊನೆಯ ತೂಕದ ನಂತರದ ದಿನಗಳಿಗೆ ಕೊನೆಯ ಅಂಕಿಯನ್ನೂ ಹಿಡಿದು ಹೀಗೆ ಕೂಡಿದಾಗ ಚುಕ್ಕಿಯ ಸೂಲು 107 ಕಿಲೋ, ಕಪ್ಪಿಯದು 120 ಕಿಲೋ.

ಆ ವರ್ಷ ಮಾರಲು ಗೊತ್ತುಮಾಡಿದ್ದು ಕಪ್ಪಿಯನ್ನು. ದಲ್ಲಾಳಿಯ ಜೊತೆ ಮಾತೂ ಆಗಿತ್ತು. ಪಾತ್ರೆಯ ಎತ್ತರವನ್ನು ಮಾತ್ರ ನೋಡಿದ ಕಣ್ಣಿಗೆ ಮೊದಲ ತಿಂಗಳ ಚುಕ್ಕಿಯೇ ವರ್ಷವಿಡೀ ನೆನಪಿನಲ್ಲಿ ಉಳಿದಿತ್ತು. ಏರಿದ ಮೇಲೆ ಹಾಲು ನಿಧಾನವಾಗಿ ಇಳಿಯುವ ಗುಣವನ್ನು ತಜ್ಞರು ಸೂಲಿನ ಸ್ಥಿರತೆ ಎನ್ನುತ್ತಾರೆ, ಮತ್ತು ಕಣ್ಣಂದಾಜಿಗೆ ಸಿಗದ ಗುಣ ಅದು. ಹಿಂಡಿಯ ಖರ್ಚೂ ಇದನ್ನೇ ಹೇಳಿತು: ಚುಕ್ಕಿಗೆ ದಿನಕ್ಕೆ 300 ಗ್ರಾಮಿನಂತೆ 130 ದಿನಕ್ಕೆ 39 ಕಿಲೋ, ಕಪ್ಪಿಗೆ 200 ಗ್ರಾಮಿನಂತೆ 190 ದಿನಕ್ಕೆ 38 ಕಿಲೋ, ಕಿಲೋಗೆ ₹30 ಹಿಡಿದರೆ ಚುಕ್ಕಿಯ ಒಂದು ಕಿಲೋ ಹಾಲಿಗೆ ಸುಮಾರು ₹11ರ ಹಿಂಡಿ, ಕಪ್ಪಿಯದಕ್ಕೆ ₹9.50.

ಹಾಗೆಂದು ಚುಕ್ಕಿಯನ್ನು ಮಾರಬೇಕೆಂದು ತೀರ್ಮಾನಿಸಿದರೆ ಅದೂ ಅವಸರವೇ. ಈ ಕಡೆ ಆಡಿನ ಹಣ ಬರುವುದು ಹಾಲಿನಿಂದಲ್ಲ, ಮರಿಯಿಂದ. ಮರಿ ತಾಯಿಯ ಹಾಲನ್ನು ನಂಬಿರುವ ಮೊದಲ 80 ದಿನಗಳನ್ನಷ್ಟೇ ಕೂಡಿದರೆ ಚುಕ್ಕಿಯದು 82.5 ಕಿಲೋ, ಕಪ್ಪಿಯದು 62.5. ಅವಳಿ ಮರಿಗಳನ್ನು ದಷ್ಟಪುಷ್ಟವಾಗಿ ಬೆಳೆಸುವ ಶಕ್ತಿ ಆ 20 ಕಿಲೋ ಅಂತರದಲ್ಲಿದೆ. ಲೋಟಕ್ಕೆ ಬೇಕಾದ ಹಾಲು ಕಪ್ಪಿಯದು, ಸಂತೆಗೆ ಬೇಕಾದ ಹಾಲು ಚುಕ್ಕಿಯದು. ಮನೆಯಲ್ಲಿ ಎರಡೂ ಉಳಿದವು. ಬದಲಾದದ್ದು ಹಿಂಡಿ ಮಾತ್ರ: ಚುಕ್ಕಿಯ ಹಾಲು ಇಳಿಮುಖವಾದ ಕೊನೆಯ 50 ದಿನಗಳಲ್ಲಿ ದಿನಕ್ಕೆ 150 ಗ್ರಾಮ್ ಕಡಿತಗೊಳಿಸಿದರೆ ಒಂದು ಸೂಲಿಗೆ ಉಳಿಯುವುದು ₹225. ನಗುವವರು ನಗಬಹುದು, ಆದರೆ ಅದೇ ₹225ನ್ನು ಅಂಗಡಿಯಲ್ಲಿ ಚೌಕಾಸಿ ಮಾಡಿ ಉಳಿಸಲು ಜನ ಅರ್ಧ ದಿನ ನಿಲ್ಲುತ್ತಾರೆ.

ಆಡಿನ ಹಾಲಿಗೆ ಬೆಲೆಯೇ ಇಲ್ಲ ಎಂಬ ಮಾತು ಪೂರ್ತಿ ಸರಿಯಲ್ಲ. ಡೆಂಗಿ ಹರಡಿದ ದಿನಗಳಲ್ಲಿ ಅದು ರಕ್ತದ ಕಿರುಬಿಲ್ಲೆಗಳನ್ನು ಹೆಚ್ಚಿಸುತ್ತದೆಂಬ ನಂಬಿಕೆಯಿಂದ ಉತ್ತರ ಭಾರತದ ನಗರಗಳಲ್ಲಿ ಅದರ ದರ ಹಲವು ಪಟ್ಟು ಏರಿದ್ದುಂಟು. ಆ ನಂಬಿಕೆಗೆ ವೈದ್ಯಕೀಯ ಆಧಾರವಿಲ್ಲ. ಜ್ವರದ ಮೇಲೆ ಕಟ್ಟಿದ ಬೆಲೆಯನ್ನು ಆದಾಯದ ಅಂದಾಜಿಗೆ ಸೇರಿಸುವುದೂ ತರವಲ್ಲ. ಆಡು ಸಾಕಲು ಸಾಲ, ಸಹಾಯಧನಗಳೂ ಇವೆ: ಕಿಸಾನ್ ಕ್ರೆಡಿಟ್ ಕಾರ್ಡ್ ಸೌಲಭ್ಯ 2018–19ರ ಕೇಂದ್ರ ಬಜೆಟ್ಟಿನಲ್ಲಿ ಪಶುಪಾಲನೆಗೂ ವಿಸ್ತರಣೆಯಾಯಿತು, ರಾಷ್ಟ್ರೀಯ ಜಾನುವಾರು ಮಿಷನ್ 2021ರಿಂದ 500 ಹೆಣ್ಣಾಡು, 25 ಹೋತಗಳವರೆಗಿನ ಘಟಕಕ್ಕೆ ಶೇಕಡಾ 50, ಗರಿಷ್ಠ ₹50 ಲಕ್ಷ ಸಹಾಯಧನ ಇಟ್ಟಿದೆ. ಅವುಗಳಿಗಾಗಿ ಬರೆಯುವ ಯೋಜನಾ ವರದಿಗಳಲ್ಲಿ ಪ್ರತಿ ಆಡೂ ಒಂದೇ ಸರಾಸರಿಯಷ್ಟು ಹಾಲು ಕೊಡುತ್ತದೆ, ಪ್ರತಿ ಸೂಲಿನಲ್ಲೂ ಅಷ್ಟೇ ಮರಿ ಹಾಕುತ್ತದೆ; ಐದು ಆಡಿನ ಮನೆಯಲ್ಲಿ ಎರಡು ವರ್ಷ ತೂಗಿದವರಿಗೆ ಆ ಸರಾಸರಿಯನ್ನು ಓದುವಾಗ ಪೆನ್ಸಿಲ್ ತಾನಾಗಿ ಕೈಗೆ ಬರುತ್ತದೆ.

ಕಪ್ಪಿಯ ಹೆಣ್ಣುಮರಿ ಜಮುನಾಪಾರಿ ಹೋತದಿಂದ ಹುಟ್ಟಿದ್ದು, ಈಗ ಮೊದಲ ಸೂಲಿನಲ್ಲಿದೆ. ಅದರ ಹಾಳೆಯಲ್ಲಿ ಇದುವರೆಗೆ ಎರಡು ಅಂಕಿಗಳಿವೆ, 20ನೆಯ ದಿನ 0.9, 50ನೆಯ ದಿನ 0.9. ತಾಯಿಯ ಸ್ಥಿರತೆಯೋ ತಂದೆಯ ಕಡೆಯ ಏರಿಳಿತವೋ ಎಂಬುದನ್ನು ಎರಡು ಅಂಕಿಗಳಿಂದ ಹೇಳಲಾಗದು. ದಲ್ಲಾಳಿ ಎರಡು ಸಲ ಬಂದು ಹೋಗಿದ್ದಾನೆ, 110ನೆಯ ದಿನದ ತೂಕ ಆಗುವವರೆಗೆ ಬೆಲೆಯ ಮಾತು ಬೇಡವೆಂದು ಅವನಿಗೆ ಹೇಳಿ ಕಳಿಸಲಾಗಿದೆ.